ನೊಂದ ಮನಕ್ಕೆ ಮನ್ನಣೆಯೇ ಮೊದಲ ಮದ್ದು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು ಕನ್ನಡಿಗರೆಲ್ಲರೂ ನೆನೆಯಬೇಕಾದ ಊರು. ೧೯೦೪ನೆಯ ಇಸವಿಯ ಡಿಸೆಂಬರ್ ೨೯ರಂದು ಕುವೆಂಪು ಅವರು ಜನಿಸಿದುದು ಅಲ್ಲಿ; ಅದು ಅವರ ತಾಯಿಯ ತವರು. ಆ ಮಹಾಕವಿಯು ರಚಿಸಿದ ‘ಜಲಗಾರ’ವೆಂಬ ಕಿರುನಾಟಕದಲ್ಲಿ ಬೀದಿ ಗುಡಿಸುವ ಬಡವನೊಬ್ಬನಿಗೆ ಶಿವನು ದರ್ಶನವೀಯುತ್ತಾನೆ. ಊರಿಗೆ ಊರೇ ಗುಡಿಯತ್ತ ಸಾಗುತ್ತಿರುವಾಗ ಆ ಜಲಗಾರನಿಗೆ ಮಾತ್ರ ಗುಡಿಯಲ್ಲಿ ಎಡೆಯಿಲ್ಲ. ಅವನು ತನ್ನ ಕಸುಬನ್ನು ತೊರೆದು ಬೇರೊಬ್ಬನಾದ ಮೇಲೆ ಶಿವನು ಒಲಿದನೆಂದು ಕವಿ ಬರೆಯಲಿಲ್ಲ. ಅವನಿದ್ದ ಎಡೆಗೇ, ಅವನಂತೆಯೇ ಜಲಗಾರನಾಗಿ ಶಿವನು ಬಂದನು. ಕೀಳೆಂದು ಲೋಕವು ಬಗೆದುದನ್ನೇ ದೈವವು ತನ್ನ ರೂಪವಾಗಿ ಮಾಡಿಕೊಂಡಿತು.

ಈ ದೃಶ್ಯದಲ್ಲಿ ಅಡಗಿರುವ ತತ್ತ್ವವು ಭಕ್ತಿಮಾರ್ಗಕ್ಕೆ ಮಾತ್ರ ಸಲ್ಲುವುದಲ್ಲ. ಮನಸ್ಸಿನ ನೋವಿಗೆ ಮದ್ದು ನೀಡುವ ವೈದ್ಯರೂ ಇಂದು ಇದೇ ತತ್ತ್ವವನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದಾರೆ. ಕುಲ, ಬಡತನ, ಅಂಗವೈಕಲ್ಯ, ಲಿಂಗಭಾವ ಮೊದಲಾದ ಕಾರಣಗಳಿಂದ ಸಮಾಜವು ಅಂಚಿಗೆ ತಳ್ಳಿದ ಜನರ ಮನೋವ್ಯಥೆಯನ್ನು ನೀಗಿಸಬೇಕಾದರೆ, ಅವರ ನುಡಿಯನ್ನೂ ನಡೆಯನ್ನೂ ಅರಿಯಬೇಕು; ಅವರ ತನ್ನತನವನ್ನು ರೋಗವೆಂದು ಎಣಿಸದೆ ಮನ್ನಿಸಬೇಕು; ಆ ಮೇಲೆ ಚಿಕಿತ್ಸೆಗೆ ತೊಡಗಬೇಕು. ಈ ವಿಚಾರವು ವೈದ್ಯರಿಗಷ್ಟೇ ಸಂಬಂಧಿಸಿದುದೆಂದು ಗೃಹಸ್ಥರು ಕೈಬಿಡಲಾಗದು. ಏಕೆಂದರೆ ಇಂತಹ ಗಾಯಗಳು ಬಹುಮಟ್ಟಿಗೆ ಆಗುವುದು ಆಸ್ಪತ್ರೆಯಲ್ಲಿ ಅಲ್ಲ. ಮನೆಯಲ್ಲಿ, ಕೇರಿಯಲ್ಲಿ, ಶಾಲೆಯಲ್ಲಿ, ತೋಟದಲ್ಲಿ.

ಗಾಯದ ಮೇಲೊಂದು ಗಾಯ

ಸಂಸಾರದಲ್ಲಿ ಇರುವವರಿಗೆ ದುಃಖವು ತಪ್ಪಿದ್ದಲ್ಲ. ಸಾಲ, ಕಾಯಿಲೆ, ಬೆಳೆಹಾನಿ, ಬಂಧುವಿಯೋಗ ಇವು ಸಿರಿವಂತನನ್ನೂ ಬಡವನನ್ನೂ ಒಂದೇ ಬಗೆಯಾಗಿ ಕಾಡುತ್ತವೆ. ಆದರೆ ಹೀನಾಯಕ್ಕೆ ಗುರಿಯಾದ ಜನರಿಗೆ ಈ ದುಃಖಗಳ ಮೇಲೆ ಮತ್ತೊಂದು ಹೊರೆ ಕೂಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಲೆಗಳನ್ನೇ ನೋಡಬಹುದು. ಅಡಕೆ, ಕಾಫಿ ತೋಟಗಳು ಹಬ್ಬಿದ ಈ ಸೀಮೆಯಲ್ಲಿ ಹಸಲರು, ಗೌಡಲು, ಮಲೆಕುಡಿಯರು ಮೊದಲಾದ ಜನರೂ, ಹೊರಸೀಮೆಗಳಿಂದ ದುಡಿಮೆಗೆ ಬಂದು ಲೈನು ಮನೆಗಳಲ್ಲಿ ನೆಲೆಸಿದ ಕುಟುಂಬಗಳೂ ಇವೆ. ಲೈನು ಮನೆಯ ತಾಯಿಯೊಬ್ಬಳಿಗೆ ಎದೆಗುದಿಯೂ ನಿದ್ರಾಭಂಗವೂ ಉಂಟಾದರೆ, ಆಕೆ ಮೊದಲು ಯೋಚಿಸುವುದು ಮದ್ದಿನ ವಿಷಯವನ್ನಲ್ಲ. ಆಸ್ಪತ್ರೆಯಲ್ಲಿ ತನ್ನನ್ನು ಹೇಗೆ ಮಾತಾಡಿಸುವರು, ಒಂದು ದಿನದ ಕೂಲಿ ಹೋದರೆ ಗತಿಯೇನು, ತನ್ನ ಮಾತು ಅವರಿಗೆ ತಿಳಿದೀತೇ ಎಂಬ ಅಳುಕೇ ಮುಂದೆ ಬರುತ್ತದೆ. ಅಳುಕಿದವಳು ಹೋಗುವುದಿಲ್ಲ, ಹೋದರೂ ಅರ್ಧ ಹೇಳಿ ಅರ್ಧ ನುಂಗುತ್ತಾಳೆ.

ಗಂಡೆಂದು ಹುಟ್ಟಿ ಹೆಣ್ಣುಭಾವವನ್ನು ತಾಳಿದವರ ಪಾಡು, ಗಂಡಿನಲ್ಲಿಯೇ ಒಲವಿಡುವ ಗಂಡಿನ ಪಾಡು, ಹೆಣ್ಣಿನಲ್ಲಿಯೇ ಒಲವಿಡುವ ಹೆಣ್ಣಿನ ಪಾಡು ಇನ್ನೂ ಕಠಿಣವಾದುದು. ದಲಿತನಿಗೆ ಹೊರಗೆ ಅವಮಾನವಾದರೂ ಮನೆಗೆ ಬಂದರೆ ತನ್ನವರು ಇದ್ದಾರೆ. ಇವರಿಗೆ ಎಷ್ಟೋ ವೇಳೆ ಮನೆಯೇ ಮೊದಲ ಹೊರಗು. ಇಲಾನ್ ಮೇಯರ್ ಎಂಬ ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂತಹವರ ಮನಸ್ಸಿಗೆ ಪೆಟ್ಟು ಬೀಳುವ ಬಗೆಯನ್ನು ವಿವರಿಸಿದ್ದಾರೆ. ಜನರು ಕಣ್ಣಾರೆ ಮಾಡುವ ಅವಮಾನ ಒಂದು. ಇನ್ನೇನು ಅವಮಾನವಾದೀತೆಂದು ಸದಾ ಎಚ್ಚರದಿಂದಿರುವ ದಣಿವು ಇನ್ನೊಂದು. ತನ್ನನ್ನು ತಾನೇ ಬಚ್ಚಿಟ್ಟುಕೊಂಡು ಬಾಳುವ ಕಷ್ಟ ಮತ್ತೊಂದು. ಲೋಕದ ತಾತ್ಸಾರವನ್ನು ನಂಬಿ ತನ್ನನ್ನೇ ತಾನು ಹಳಿದುಕೊಳ್ಳುವುದು ಕಡೆಯದು. ಈ ಕಡೆಯದೇ ಅತ್ಯಂತ ಅಪಾಯಕರ. ಹೊರಗಿನ ಕಲ್ಲೇಟು ನಿಂತರೂ ಒಳಗಿನ ಕಲ್ಲೇಟು ನಿಲ್ಲುವುದಿಲ್ಲ. ವ್ಯಥೆಗೆ ಕಾರಣವು ಆ ಜನರ ಸ್ವಭಾವವಲ್ಲ, ಆ ಸ್ವಭಾವದ ಮೇಲೆ ಬಿದ್ದ ತಾತ್ಸಾರ ಎಂಬುದು ಈ ವಿವರಣೆಯ ಸಾರ. ಕಾರಣವನ್ನು ತಪ್ಪಾಗಿ ಗುರುತಿಸಿದ ವೈದ್ಯನು ಮದ್ದನ್ನೂ ತಪ್ಪಾಗಿಯೇ ಕೊಡುವನು.

ಎರಡು ತಪ್ಪು ದಾರಿಗಳು

ಆಗುಂಬೆಯ ಘಟ್ಟವಿಳಿದು ಕಡಲ ಕಡೆಗೆ ಸಾಗಿದರೆ ಉಡುಪಿ ಜಿಲ್ಲೆಯ ಕೋಟ ಗ್ರಾಮ ಸಿಗುತ್ತದೆ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಆ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಈ ಮೂರು ಸಮುದಾಯಗಳ ಜನರ ಮನಃಸ್ಥಿತಿಯನ್ನು ಅಧ್ಯಯನ ಮಾಡಿ, ೧೯೭೬ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪಶ್ಚಿಮ ದೇಶಗಳ ಪ್ರಶ್ನಾವಳಿಯನ್ನು ಹಾಗೆಯೇ ತಂದು ಹಳ್ಳಿಯವರ ಮುಂದಿಡದೆ, ಇಲ್ಲಿಯ ಜನರು ತಮ್ಮ ಸಂಕಟವನ್ನು ಹೇಳಿಕೊಳ್ಳುವ ಬಗೆಗೆ ಹೊಂದುವಂತಹ ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಂಡರು. ಕನ್ನಡಿಗನು ಖಿನ್ನತೆಯನ್ನು ಖಿನ್ನತೆಯೆಂದು ಹೇಳುವುದು ವಿರಳ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ, ಸುಸ್ತು, ಊಟ ಸೇರದು ಎನ್ನುವನು. ದೇಹದ ಮಾತಿನಲ್ಲಿ ಮನಸ್ಸು ಮೊರೆಯಿಡುವುದನ್ನು ಅರಿಯದ ವೈದ್ಯನು ಹೊಟ್ಟೆಗೆ ಔಷಧ ಕೊಟ್ಟು ಕಳುಹಿಸುವನು.

ಆ ಸೀಮೆಯಲ್ಲಿ ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ನಾಡಚಿಕಿತ್ಸಕರನ್ನೂ ಕಪೂರ್ ಅವರು ಪರಿಶೀಲಿಸಿದರು. ಜನರು ಇವರ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧ ಕೊಡುವ ಡಾಕ್ಟರರ ಬಳಿಗೂ ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ವಿರುದ್ಧವೆಂದು ಅವರಿಗೆ ತೋರಿರಲಿಲ್ಲ. ಜನರ ನಂಬಿಕೆಯನ್ನು ಜರೆದು ಅಟ್ಟುವುದರಿಂದ ಹಳ್ಳಿಗೆ ಮನೋವೈದ್ಯವನ್ನು ತರಲಾಗದು, ಅವರ ಲೋಕವನ್ನು ತಿಳಿದು ಅದರೊಡನೆ ನಡೆಯಬೇಕು ಎಂಬ ಪಾಠವು ಇದರಿಂದ ದೊರೆಯಿತು.

ಇಲ್ಲಿ ಎರಡು ತಪ್ಪುಗಳನ್ನು ಎಚ್ಚರದಿಂದ ಬೇರ್ಪಡಿಸಿಕೊಳ್ಳಬೇಕು. ಪದ್ಧತಿಯನ್ನು ರೋಗವೆಂದು ಬಗೆಯುವುದು ಮೊದಲನೆಯ ತಪ್ಪು. ಕಟ್ಟಳೆಯ ದಿನ, ಕಟ್ಟಳೆಯ ಸ್ಥಳದಲ್ಲಿ ಪಾತ್ರಿಯ ಮೈಮೇಲೆ ದೈವವು ಬಂದು, ಮರುದಿನ ಆತನು ಎಂದಿನಂತೆ ಗದ್ದೆಯ ಕೆಲಸಕ್ಕೆ ಹೋದರೆ ಅದು ಹುಚ್ಚಲ್ಲ. ರೋಗವನ್ನು ಪದ್ಧತಿಯೆಂದು ಬಗೆದು ಸುಮ್ಮನಿರುವುದು ಎರಡನೆಯ ತಪ್ಪು. ವಾರಗಟ್ಟಲೆ ನಿದ್ರೆಯಿಲ್ಲದೆ, ಯಾರಿಗೂ ಕೇಳಿಸದ ದನಿಗಳು ತನ್ನನ್ನು ಬೈಯುತ್ತಿವೆಯೆಂದು ಕಂಗೆಟ್ಟ ಹಸಲರ ಹುಡುಗನನ್ನು ಕಂಡು, “ಆ ಜನರ ರೀತಿಯೇ ಹಾಗೆ” ಎಂದು ಬಿಟ್ಟುಬಿಡುವುದು ಮನ್ನಣೆಯಲ್ಲ, ಅದು ಅನಾದರ. ಒಡೆಯನ ಮಗನಿಗೆ ಬೇಕಾದ ಔಷಧವು ಆಳಿನ ಮಗನಿಗೂ ಬೇಕು. ಮನ್ನಣೆಯೆಂದರೆ ಚಿಕಿತ್ಸೆಯನ್ನು ತಗ್ಗಿಸುವುದಲ್ಲ, ಚಿಕಿತ್ಸೆಯು ಆತನಿಗೆ ತಲುಪುವಂತೆ ದಾರಿಯನ್ನು ಮಾಡುವುದು.

ಹೊರನಾಡಿನ ಒಂದು ದೃಷ್ಟಾಂತ

ಇದೇ ಪಾಠವನ್ನು ಆಫ್ರಿಕಾ ಖಂಡದಲ್ಲಿ ಇಬ್ಬರು ವೈದ್ಯರು ಕಲಿತ ಬಗೆಯು ತಿಳಿಯತಕ್ಕದ್ದು. ಫ್ರಾನ್ಸ್ ಫಾನನ್ ಎಂಬ ಕರಿಯ ವೈದ್ಯರು ೧೯೫೩ರಲ್ಲಿ ಅಲ್ಜೀರಿಯ ದೇಶದ ಬ್ಲೀಡಾ ಎಂಬಲ್ಲಿಯ ಮಾನಸಿಕ ಆಸ್ಪತ್ರೆಗೆ ಬಂದರು. ಆಗ ಆ ದೇಶವು ಫ್ರೆಂಚರ ಆಳ್ವಿಕೆಯಲ್ಲಿತ್ತು. ರೋಗಿಗಳನ್ನು ಕಟ್ಟಿಹಾಕದೆ, ಅವರಿಗೆ ಕೂಟಗಳನ್ನೂ ಮನರಂಜನೆಗಳನ್ನೂ ಏರ್ಪಡಿಸಿ ಮರಳಿ ಜನಜೀವನಕ್ಕೆ ತರುವ ಕ್ರಮವನ್ನು ಅವರು ಅಲ್ಲಿ ಆರಂಭಿಸಿದರು. ಯುರೋಪಿಯನ್ ಸ್ತ್ರೀಯರ ವಿಭಾಗದಲ್ಲಿ ಅದು ಚೆನ್ನಾಗಿ ಫಲಿಸಿತು. ಮುಸಲ್ಮಾನ ಪುರುಷರ ವಿಭಾಗದಲ್ಲಿಯಾದರೋ ಅದೇ ಕ್ರಮವು ಸೋತಿತು. ಆ ಪುರುಷರಲ್ಲಿ ದೋಷವಿದೆಯೆಂದು ಫಾನನ್ನರು ತೀರ್ಮಾನಿಸಲಿಲ್ಲ. ಕ್ರಮದಲ್ಲಿಯೇ ದೋಷವಿದೆಯೆಂದು ಕಂಡುಕೊಂಡರು. ಆ ಬಳಿಕ ಆಸ್ಪತ್ರೆಯೊಳಗೆ ಆ ನಾಡಿನ ಬಗೆಯ ಕಾಫಿಗೃಹವು ತೆರೆಯಿತು, ಅವರ ಹಬ್ಬಗಳು ನಡೆದವು, ಅವರ ನುಡಿಯ ಕಥೆಗಾರನು ಬಂದು ಕಥೆ ಹೇಳಿದನು. ಮೂಕರಂತಿದ್ದವರು ಮಾತಿಗೆ ತೊಡಗಿದರು.

ನೈಜೀರಿಯದ ಥಾಮಸ್ ಲಾಂಬೊ ಎಂಬ ವೈದ್ಯರು ೧೯೫೦ರ ದಶಕದಲ್ಲಿ ಆರೋ ಎಂಬಲ್ಲಿ ರೋಗಿಗಳನ್ನು ಸುತ್ತಲ ಹಳ್ಳಿಗಳ ಮನೆಗಳಲ್ಲಿಯೇ ಬಂಧುಗಳೊಡನೆ ಇರಿಸಿ, ಹಗಲಿನಲ್ಲಿ ಆಸ್ಪತ್ರೆಯ ಚಿಕಿತ್ಸೆ ಕೊಡಿಸಿದರು. ನಾಡಚಿಕಿತ್ಸಕರ ಸಹಕಾರವನ್ನೂ ಪಡೆದರು. ಮನೆಯ ಒಲೆ, ನೆರೆಯವರ ಮಾತು, ಪರಿಚಿತ ಅಡುಗೆ ಇವೆಲ್ಲವೂ ಔಷಧದ ಭಾಗವಾದವು.

ಕನ್ನಡನಾಡಿನ ಉದಾಹರಣೆಗಳು

ಕನ್ನಡನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳು ಉಂಟು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಬಂಧುಗಳು ರೋಗಿಯ ಜೊತೆಯಲ್ಲಿಯೇ ತಂಗಿ ಆರೈಕೆಯಲ್ಲಿ ಪಾಲುಗೊಳ್ಳುವ ಪದ್ಧತಿಯನ್ನು ಆ ಸಂಸ್ಥೆಯು ಬೆಳೆಸಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವೈದ್ಯವನ್ನು ಹಳ್ಳಿಗರ ಬಾಗಿಲಿಗೆ ಒಯ್ಯಲಾಯಿತು. ಮುಂದೆ ದೇಶದಾದ್ಯಂತ ನಡೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಿಗೆ ವೈದ್ಯ, ವಿದ್ಯೆ ಎರಡನ್ನೂ ನೀಡುವಾಗ ಅವರ ಕಾಡಿನ ಅರಿವನ್ನೂ ಗೌರವಿಸಿತು.

ಲಿಂಗಭಾವದ ವಿಷಯದಲ್ಲಿ ಬಿ. ಮಂಜಮ್ಮ ಜೋಗತಿಯವರ ಜೀವನವು ದೊಡ್ಡ ಪಾಠ. ಗಂಡುಮಗುವೆಂದು ಹುಟ್ಟಿ, ಹೆಣ್ಣುಭಾವದಿಂದಾಗಿ ಮನೆಯವರಿಂದ ದೂರವಾಗಿ, ಬಹಳ ಬವಣೆಪಟ್ಟ ಅವರಿಗೆ ಬದುಕುವ ನೆಲೆ ದೊರೆತುದು ಜೋಗತಿಯರ ಕೂಟದಲ್ಲಿ, ಜೋಗತಿ ನೃತ್ಯದಲ್ಲಿ. ಅದೇ ಕಲೆಯು ಅವರನ್ನು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠಕ್ಕೂ, ೨೦೨೧ರಲ್ಲಿ ಪದ್ಮಶ್ರೀ ಗೌರವಕ್ಕೂ ಏರಿಸಿತು. ಅವರ ಸ್ವಭಾವವು ಬದಲಾಗಲಿಲ್ಲ. ಅದಕ್ಕೆ ಮಾನವುಳ್ಳ ಒಂದು ಸ್ಥಾನ ದೊರೆಯಿತು, ಅಷ್ಟೇ. ಆದರೆ ಎಲ್ಲರಿಗೂ ಇಂತಹ ಕಲೆಯೂ ಕೂಟವೂ ದೊರೆಯಲಾರವು. ಉಳಿದವರಿಗೆ ಆ ಸ್ಥಾನವನ್ನು ಮನೆಯೇ ಕೊಡಬೇಕಾಗುತ್ತದೆ.

ಶರಣರ ನಿಲುವನ್ನು ಇಲ್ಲಿ ಸ್ಮರಿಸುವುದು ಉಚಿತ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ ಮೊದಲಾದವರು ಅನುಭಾವಿಗಳಾದ ಮೇಲೆ ತಮ್ಮ ಕಸುಬಿನ ಹೆಸರನ್ನು ಕಳಚಿಡಲಿಲ್ಲ. ಯಾವುದರಿಂದ ಜನರು ಹಳಿಯುತ್ತಿದ್ದರೋ ಅದರಿಂದಲೇ ಅವರನ್ನು ಆದರದಿಂದ ಕರೆಯುವಂತಾಯಿತು. ಆತ್ಮನಿಗೆ ಗಂಡು ಹೆಣ್ಣೆಂಬ ಭೇದವನ್ನು ಅಂಟಿಸಲಾಗದೆಂಬ ವಿಚಾರವು ಜೇಡರ ದಾಸಿಮಯ್ಯನವರಲ್ಲಿ ಕಂಡುಬರುತ್ತದೆ. ಬಂದವನ ಕುಲವನ್ನು ಕೆದಕದೆ ಅವನನ್ನು ಮನೆಯವನೆಂದು ಬಗೆಯಬೇಕೆಂಬುದು ಬಸವಣ್ಣನವರ ಉಪದೇಶ. ಇವನ್ನು ಪಾರಾಯಣ ಮಾಡುವ ಮನೆಯಲ್ಲಿ ಹುಟ್ಟಿದ ಮಗುವೇ ಹೊರಗಿನದಾಗುವುದು ಎಂತಹ ವಿಪರ್ಯಾಸ!

ಶಾಸ್ತ್ರವೂ ಶಾಸನವೂ ಹೇಳುವುದೇನು

ಒಂದು ಕಾಲದಲ್ಲಿ ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಎಡವಿತ್ತು. ಸಲಿಂಗದಲ್ಲಿ ಒಲವಿಡುವುದನ್ನು ರೋಗವೆಂದೇ ಗ್ರಂಥಗಳು ಎಣಿಸುತ್ತಿದ್ದವು. ಅಮೆರಿಕದ ಮನೋವೈದ್ಯರ ಸಂಘವು ೧೯೭೩ರಲ್ಲಿಯೂ, ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿಯೂ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ೨೦೧೯ರಲ್ಲಿ ಅಂಗೀಕೃತವಾದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ಪಟ್ಟಿಯಲ್ಲಿ ಲಿಂಗಭಾವದ ಭಿನ್ನತೆಯನ್ನು ಮನೋರೋಗಗಳ ಅಧ್ಯಾಯದಿಂದ ಹೊರತರಲಾಯಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೃತೀಯ ಲಿಂಗದವರನ್ನು ಮಾನ್ಯ ಮಾಡಿತು. ೨೦೧೮ರ ಸೆಪ್ಟೆಂಬರ್ ೬ರಂದು, ವಯಸ್ಕರು ಪರಸ್ಪರ ಸಮ್ಮತಿಯಿಂದ ಬಾಳುವ ಸಲಿಂಗ ಒಲವು ಅಪರಾಧವಲ್ಲವೆಂದು ತೀರ್ಪಿತ್ತಿತು. ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ೨೦೨೧ರಲ್ಲಿ ಇಂತಹ ಒಂದು ಮೊಕದ್ದಮೆಯನ್ನು ವಿಚಾರಿಸುತ್ತಿದ್ದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ತಮಗೆ ಈ ವಿಷಯದ ತಿಳಿವು ಸಾಲದೆಂದು ಮನೋವಿಜ್ಞಾನಿಯೊಬ್ಬರ ಮುಂದೆ ವಿದ್ಯಾರ್ಥಿಯಂತೆ ಕುಳಿತು ಕೇಳಿ ತಿಳಿದ ಬಳಿಕ ಆದೇಶವನ್ನು ಬರೆದರು. ಪೀಠದಲ್ಲಿ ಕುಳಿತವರು ಕಲಿಯಬಹುದಾದರೆ ಮನೆಯ ಯಜಮಾನನು ಕಲಿಯಲು ನಾಚಬೇಕಾಗಿಲ್ಲ. ಇಂತಹವರ ಸ್ವಭಾವವನ್ನು ತಿದ್ದುತ್ತೇವೆಂದು ನಡೆಸುವ ‘ಚಿಕಿತ್ಸೆ’ಯು ವೈದ್ಯರಿಗೆ ಸಲ್ಲದ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಸಾರಿತು.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ೨೦೧೮ರ ಮೇ ೨೯ರಿಂದ ಜಾರಿಗೆ ಬಂದಿದೆ. ಒಬ್ಬನು ತನ್ನ ಸಮುದಾಯದ ನೀತಿರೂಢಿಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದಲೇ ಅವನನ್ನು ಮನೋರೋಗಿಯೆಂದು ನಿರ್ಣಯಿಸಲಾಗದೆಂದು ಅದು ವಿಧಿಸುತ್ತದೆ. ಲಿಂಗ, ಒಲವು, ಮತ, ಜಾತಿ, ವರ್ಗ, ಅಂಗವೈಕಲ್ಯ ಮೊದಲಾದ ಭೇದಗಳನ್ನೆಣಿಸದೆ ಎಲ್ಲರಿಗೂ ಮಾನಸಿಕ ಚಿಕಿತ್ಸೆ ದೊರೆಯಬೇಕೆನ್ನುತ್ತದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದೂ, ಅವನ ಗುಟ್ಟನ್ನು ಕಾಪಾಡಬೇಕೆಂದೂ ಹೇಳುತ್ತದೆ.

ಒಳ್ಳೆಯ ಚಿಕಿತ್ಸಕನ ಲಕ್ಷಣ

ಹಾಗಾದರೆ ಮನ್ನಿಸುವ ಚಿಕಿತ್ಸಕನನ್ನು ಗುರುತಿಸುವುದು ಹೇಗೆ? ಅವನು ಬಂದವರನ್ನು ಅವರು ಬಯಸುವ ಹೆಸರಿನಿಂದ ಕರೆಯುವನು. ಅವರ ಬಾಳನ್ನು ತಾನು ಮೊದಲೇ ಬಲ್ಲೆನೆಂದು ಭಾವಿಸದೆ ಅವರಿಂದಲೇ ಕೇಳಿ ತಿಳಿಯುವನು. ಅವಮಾನವಾಯಿತೆಂದು ಅವರು ಹೇಳಿದರೆ, “ಎಲ್ಲವೂ ನಿನ್ನ ಕಲ್ಪನೆ” ಎಂದು ತಳ್ಳಿಹಾಕನು. ಹಾಗೆಂದು ಪ್ರತಿಯೊಂದು ಸಂಕಟಕ್ಕೂ ಜಾತಿಯೇ ಕಾರಣ, ಲಿಂಗಭಾವವೇ ಕಾರಣ ಎಂದು ಆತುರದಿಂದ ಮುದ್ರೆಯೊತ್ತನು. ದಲಿತನಿಗೂ ಪುತ್ರಶೋಕವುಂಟು, ಜೋಗತಿಗೂ ಮುಪ್ಪಿನ ಭಯವುಂಟು. ಅವರ ದೇವರು, ಹಬ್ಬ, ಹಾಡು, ನಂಟರು ಇವುಗಳಲ್ಲಿ ಯಾವುದು ಬಲ ಕೊಡುವುದೋ ಅದನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವನು. ಯಾವುದು ಗಾಯ ಮಾಡುವುದೋ ಅದರಿಂದ ಕಾಪಾಡುವನು. ಔಷಧ ಬೇಕಾದಲ್ಲಿ ಹಿಂಜರಿಯದೆ ಔಷಧ ಕೊಡುವನು. ಸಣ್ಣ ಊರುಗಳಲ್ಲಿ ಒಬ್ಬರ ವಿಷಯವು ಮತ್ತೊಬ್ಬರಿಗೆ ತಿಳಿಯಲು ಹೊತ್ತು ಹಿಡಿಯದು. ಆದುದರಿಂದ ಗುಟ್ಟು ಕಾಯುವುದನ್ನು ಅವನು ವ್ರತದಂತೆ ನಡೆಸುವನು.

ಗೃಹಸ್ಥರ ಕರ್ತವ್ಯ

ಚಿಕಿತ್ಸಕನು ವಾರಕ್ಕೊಮ್ಮೆ ಒಂದು ಗಳಿಗೆ ರೋಗಿಯೊಡನೆ ಇರುತ್ತಾನೆ. ಉಳಿದ ಕಾಲವೆಲ್ಲ ರೋಗಿಯು ಮನೆಯವರೊಡನೆ. ಆದುದರಿಂದ ಸದ್ಭಕ್ತರಾದ ಗೃಹಸ್ಥರು ಕೆಲವು ಸಂಗತಿಗಳನ್ನು ಮನದಲ್ಲಿಡಬೇಕು.

ಮಗನೋ ಮಗಳೋ ನಡುಗುವ ದನಿಯಲ್ಲಿ ತನ್ನ ಅಂತರಂಗವನ್ನು ತೆರೆದಾಗ, ಮೊದಲ ದಿನದ ಮಾತು ಬಾಳೆಲ್ಲ ನೆನಪಿನಲ್ಲಿ ನಿಲ್ಲುತ್ತದೆ. ಅಂದು ಅರ್ಥವಾಗದಿದ್ದರೂ ಚಿಂತೆಯಿಲ್ಲ. “ನೀನು ನಮ್ಮ ಮಗುವೇ, ಊಟಕ್ಕೆ ಬಾ” ಎಂಬಷ್ಟು ಮಾತು ಸಾಕು. ಅರಿವು ನಿಧಾನವಾಗಿ ಬರುತ್ತದೆ.

ಮದುವೆ ಮಾಡಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯನ್ನು ಬಿಡಬೇಕು. ಮದುವೆಯು ಔಷಧವಲ್ಲ. ಸ್ವಭಾವಕ್ಕೆ ಒಗ್ಗದ ಮದುವೆಯು ಒಬ್ಬರ ನೋವನ್ನು ಕಳೆಯದು. ಮತ್ತೊಂದು ಮನೆಯಿಂದ ನಂಬಿ ಬಂದ ನಿರಪರಾಧಿ ಜೀವವನ್ನೂ ಆ ನೋವಿಗೆ ನೂಕುವುದು. ಅನ್ಯರ ಮನೆಯ ಮಗಳನ್ನು ತನ್ನ ಮಗನ ಮದ್ದಾಗಿ ತರುವುದು ಯಾವ ಧರ್ಮಕ್ಕೂ ಒಪ್ಪದು.

ಪೂಜೆ, ಹರಕೆ, ಜಪಗಳಿಂದ ಮನಸ್ಸಿಗೆ ಸಮಾಧಾನವಾಗುವುದಾದರೆ ಅವು ನಡೆಯಲಿ. ಆದರೆ ಅವುಗಳಿಗಾಗಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಲಾಗದು. ಹೊಡೆಯುವುದು, ಬರೆ ಹಾಕುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ಇವು ಚಿಕಿತ್ಸೆಯಲ್ಲ, ಹಿಂಸೆ. ಬದುಕು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ಎಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಒಡನೆಯೇ ನೆರವನ್ನು ಪಡೆಯಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಪೇಟೆಗೆ ದೂರವಾದ ಮಲೆಯ ಮನೆಗಳಿಗೆ ಇದು ದೊಡ್ಡ ಆಸರೆ.

ಕಡೆಯದಾಗಿ, ತೋಟ ಗದ್ದೆಗಳುಳ್ಳ ಗೃಹಸ್ಥರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆಳಿನ ಮನೆಯವರಿಗೆ ಕಾಯಿಲೆಯಾದರೆ ಆಸ್ಪತ್ರೆಯ ಖರ್ಚನ್ನು ಕೊಡುವ ಉದಾರಿಗಳು ಅನೇಕರಿದ್ದಾರೆ. ಅದೇ ಆಳಿಗೆ ಜಗಲಿಯ ಮೂಲೆಯಲ್ಲಿ ಬೇರೆ ಲೋಟವನ್ನು ಇಟ್ಟಿದ್ದರೆ, ಒಂದು ಕೈಯಲ್ಲಿ ಗಾಯಕ್ಕೆ ಮದ್ದು ಹಚ್ಚಿ ಮತ್ತೊಂದು ಕೈಯಲ್ಲಿ ಅದನ್ನೇ ಕೆರೆದಂತಾಗುವುದಿಲ್ಲವೇ? ಆ ಲೋಟವನ್ನು ತೆಗೆದುಹಾಕಲು ಯಾವ ವೈದ್ಯರ ಚೀಟಿಯೂ ಬೇಕಾಗಿಲ್ಲ.

“ಜನರು ಏನೆಂದಾರು” ಎಂಬ ಅಂಜಿಕೆಯೇ ಇವೆಲ್ಲಕ್ಕೂ ಅಡ್ಡ ನಿಲ್ಲುವುದು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಕುಲಭೇದವನ್ನೆಣಿಸದೆ ಬೀಗರಾದುದಕ್ಕೆ ಪ್ರಾಣವನ್ನೇ ತೆರಬೇಕಾಯಿತು. ಇಂದಿನ ಗೃಹಸ್ಥನು ತನ್ನ ಮಗುವನ್ನು ಮನ್ನಿಸಿದರೆ ತೆರಬೇಕಾದ ಬೆಲೆಯು ನಾಲ್ಕು ದಿನದ ನೆರೆಹೊರೆಯ ಮಾತು. ಮನ್ನಿಸದಿದ್ದರೆ ತೆರಬೇಕಾದ ಬೆಲೆಯು ಒಮ್ಮೊಮ್ಮೆ ಆ ಮಗುವಿನ ಪ್ರಾಣ. ಎರಡನ್ನೂ ತೂಗಿ ನೋಡಿದವರಿಗೆ ದಾರಿ ತಾನಾಗಿ ತೋರುವುದು.